ಅವಳಿ ಮಕ್ಕಳ ಕಪ್ಪು ತಾಯಿ

ಆಕಾಶದಲ್ಲಿರುವುದೆಲ್ಲ ಬೆಳಕೇ ಎಂದು ನಂಬಿದವರಿಗೆ, ಅಲ್ಲಿ ಇದ್ದಿಲಿನಂತೆ ಕಪ್ಪಾದ ಲೋಕಗಳೂ ಉಂಟೆಂದರೆ ಸೋಜಿಗವಾದೀತು. ಮಂಗಳ ಮತ್ತು ಗುರು ಗ್ರಹಗಳ ನಡುವಣ ವಿಶಾಲವಾದ ಅವಕಾಶದಲ್ಲಿ ಅಸಂಖ್ಯಾತ ಕ್ಷುದ್ರಗ್ರಹಗಳು ಸೂರ್ಯನನ್ನು ಪ್ರದಕ್ಷಿಣೆ ಮಾಡುತ್ತಿವೆ. ಅವುಗಳಲ್ಲಿ ಬೆಳ್ಳಗೆ ಹೊಳೆಯುವವೂ ಇವೆಯಾದರೂ, ಪಟ್ಟಿಯ ಹೊರ ಅಂಚಿಗೆ ಹೋದಷ್ಟೂ ಕಪ್ಪು ಕಾಯಗಳೇ ಹೆಚ್ಚು. ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಹಿಂದಿರುಗಿಸಿ, ಉಳಿದುದನ್ನೆಲ್ಲ ತಾವೇ ನುಂಗಿಬಿಡುವ ಜಿಪುಣ ಲೋಕಗಳಿವು. ಅಂತಹ ಒಂದು ದೊಡ್ಡ ಕಪ್ಪು ಕಾಯದ ಹೆಸರು ಸಿಲ್ವಿಯಾ. ಪಟ್ಟಿಯ ಹತ್ತು ದೊಡ್ಡ ಕಾಯಗಳಲ್ಲಿ ಒಂದೆಂದು ಇಂದು ಗಣನೆಗೆ ಬಂದಿರುವ ಈ ಲೋಕವನ್ನು ಮೊಟ್ಟಮೊದಲು ಕಂಡವರು ಲಂಡನ್ನಿನವರೂ ಅಲ್ಲ, ಪ್ಯಾರಿಸ್ಸಿನವರೂ ಅಲ್ಲ. ಅದು ಕಂಡದ್ದು ಮದರಾಸಿನಲ್ಲಿ, 1866ನೆಯ ಇಸವಿ ಮೇ ತಿಂಗಳ 16ನೆಯ ತಾರೀಖು.

ಕಂಡವರು ಮದರಾಸು ವೇಧಶಾಲೆಯ ಸರ್ಕಾರಿ ಖಗೋಲ ವಿಜ್ಞಾನಿ ನಾರ್ಮನ್ ರಾಬರ್ಟ್ ಪಾಗ್ಸನ್. 1829ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಈ ಮಹಾಶಯರು ಆಕ್ಸ್‌ಫರ್ಡಿನ ವೇಧಶಾಲೆಯಲ್ಲಿ ಪಳಗಿ, 1861ರಲ್ಲಿ ಮದರಾಸಿಗೆ ಬಂದರು. ಬಂದ ಕೆಲವೇ ವಾರಗಳಲ್ಲಿ, ಏಪ್ರಿಲ್ ತಿಂಗಳಲ್ಲಿ, ಒಂದು ಹೊಸ ಕ್ಷುದ್ರಗ್ರಹ ಅವರ ಕಣ್ಣಿಗೆ ಬಿದ್ದಿತು. ಏಷ್ಯಾ ಖಂಡದ ನೆಲದಿಂದ ಕಂಡ ಮೊದಲನೆಯದೆಂಬ ಕಾರಣದಿಂದ ಅದಕ್ಕೆ 'ಏಷ್ಯಾ' ಎಂದೇ ಹೆಸರಾಯಿತು. ಆಮೇಲೆ 1864ರಲ್ಲಿ ಸ್ಯಾಫೊ, ಅದಾದ ಎರಡು ವರ್ಷಗಳಿಗೆ ಸಿಲ್ವಿಯಾ. ಅಲ್ಲಿಯವರೆಗೆ ಲೋಕಕ್ಕೆ ಗೊತ್ತಿದ್ದ ಕ್ಷುದ್ರಗ್ರಹಗಳು ಎಂಬತ್ತಾರು, ಇದು ಎಂಬತ್ತೇಳನೆಯದು. ಇಂದು ಆ ಪಟ್ಟಿ ಹನ್ನೆರಡು ಲಕ್ಷವನ್ನೂ ಮೀರಿದೆ. ಯಂತ್ರಗಳೇ ಆಕಾಶವನ್ನು ಜಾಲಾಡಿ, ಯಂತ್ರಗಳೇ ಲೆಕ್ಕ ಹಾಕುವ ಈ ದಿನಗಳಲ್ಲಿ ಹೊಸದೊಂದು ಸೇರಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಗಿನ ಮಾತೇ ಬೇರೆ.

ಆಗ ಛಾಯಾಚಿತ್ರದ ನೆರವು ಈ ಕೆಲಸಕ್ಕೆ ಇನ್ನೂ ಒದಗಿರಲಿಲ್ಲ. ಶೋಧಕನು ಆಕಾಶದ ಒಂದು ಸಣ್ಣ ತುಂಡನ್ನು ಆರಿಸಿಕೊಂಡು, ಅದರಲ್ಲಿರುವ ಮಂಕು ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ಗುರುತಿಸಿದ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ದೂರದರ್ಶಕದಲ್ಲಿ ಕಂಡದ್ದಕ್ಕೂ ಹಾಳೆಯಲ್ಲಿರುವುದಕ್ಕೂ ತಾಳೆ ನೋಡುತ್ತ ಕೂರಬೇಕಾಗಿತ್ತು. ನಕ್ಷೆಯಲ್ಲಿಲ್ಲದ ಚುಕ್ಕೆಯೊಂದು ಕಂಡಿತೆಂದರೆ ಅಷ್ಟಕ್ಕೇ ಹಿಗ್ಗುವಂತಿಲ್ಲ. ನಕ್ಷೆ ಬರೆದವನೇ ಒಂದು ನಕ್ಷತ್ರವನ್ನು ಬಿಟ್ಟಿರಬಹುದು. ಅಥವಾ ಆಗಾಗ ಬೆಳಗಿ ಆಗಾಗ ಮಂಕಾಗುವ ಚರತಾರೆಯೊಂದು ತಲೆದೋರಿರಬಹುದು. ಆ ಚುಕ್ಕೆಯನ್ನು ಅಕ್ಕಪಕ್ಕದ ತಾರೆಗಳೊಂದಿಗೆ ಅಳೆದಿಟ್ಟು, ಕೆಲವು ಗಂಟೆ ಕಾದು, ಮತ್ತೆ ಅಳೆಯಬೇಕು. ಸಿಲ್ವಿಯಾದಷ್ಟು ದೂರದ ಕಾಯವು ಒಂದು ಇಡೀ ದಿನದಲ್ಲಿ ಸರಿಯುವುದು ಚಂದ್ರಬಿಂಬದ ಅರ್ಧದಷ್ಟೂ ಇಲ್ಲ. ನಡುವೆ ಮೋಡ ಮುಸುಕಿದರೆ ರಾತ್ರಿಯ ಶ್ರಮವೆಲ್ಲ ನೀರಿನ ಪಾಲು. ಮೇ ತಿಂಗಳ ಮದರಾಸಿನ ಸೆಕೆಯಲ್ಲಿ, ವಿದ್ಯುದ್ದೀಪವಾಗಲಿ ಬೀಸಣಿಗೆ ಯಂತ್ರವಾಗಲಿ ಇಲ್ಲದ ಕಾಲದಲ್ಲಿ ಈ ಕೆಲಸ ನಡೆಯುತ್ತಿತ್ತೆಂಬುದನ್ನು ನೆನೆದರೆ ಆ ಜನರ ತಾಳ್ಮೆಗೆ ತಲೆದೂಗಬೇಕಾಗುತ್ತದೆ. ಸುದ್ದಿಯನ್ನು ವಿವರವಾಗಿ ಬರೆದು ಇಂಗ್ಲೆಂಡಿಗೆ ಕಳುಹಿಸುವುದಾದರೂ ಸುಲಭವೇ? ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ.

ಪಾಗ್ಸನ್ನರ ಹೆಸರು ಖಗೋಲ ವಿಜ್ಞಾನದಲ್ಲಿ ಚಿರಸ್ಥಾಯಿಯಾದದ್ದು ಕ್ಷುದ್ರಗ್ರಹಗಳಿಂದ ಮಾತ್ರವೇ ಅಲ್ಲ. ನಕ್ಷತ್ರಗಳನ್ನು ಮೊದಲನೆಯ ದರ್ಜೆ, ಎರಡನೆಯ ದರ್ಜೆ ಎಂದು ಕಾಂತಿಗೆ ತಕ್ಕಂತೆ ವಿಂಗಡಿಸುವ ಪದ್ಧತಿ ಪ್ರಾಚೀನ ಗ್ರೀಕರ ಕಾಲದ್ದು. ಆದರೆ ಒಂದು ದರ್ಜೆಗೂ ಇನ್ನೊಂದಕ್ಕೂ ಇರುವ ಅಂತರವೆಷ್ಟೆಂಬುದು ನೋಡುವವನ ಕಣ್ಣಳತೆಗೆ ಬಿಟ್ಟ ಮಾತಾಗಿತ್ತು. 1856ರಲ್ಲಿ ಪಾಗ್ಸನ್ನರು ಅದಕ್ಕೊಂದು ಗಣಿತವನ್ನು ಕೊಟ್ಟರು: ಐದು ದರ್ಜೆಗಳ ಅಂತರವೆಂದರೆ ಕಾಂತಿಯಲ್ಲಿ ಸರಿಯಾಗಿ ನೂರು ಪಾಲಿನ ವ್ಯತ್ಯಾಸ, ಒಂದು ದರ್ಜೆಗೆ ಎರಡೂವರೆ ಪಾಲಿಗಿಂತ ತುಸು ಹೆಚ್ಚು. ಜಗತ್ತಿನ ಎಲ್ಲ ವೇಧಶಾಲೆಗಳೂ ಇಂದಿಗೂ ಬಳಸುವ ಅಳತೆಗೋಲು ಇದೇ. ಅದನ್ನು ಅವರು ಮುಂದಿಟ್ಟದ್ದು ಕ್ಷುದ್ರಗ್ರಹಗಳ ಕಾಂತಿಯನ್ನು ಮುಂಗಡವಾಗಿ ಲೆಕ್ಕಹಾಕಿದ ಒಂದು ಲೇಖನದಲ್ಲಿಯೇ ಎಂಬುದು ಗಮನಾರ್ಹ. ಆ ಅಳತೆಗೋಲಿನಲ್ಲಿ ಸಿಲ್ವಿಯಾ ಸುಮಾರು ಹನ್ನೆರಡನೆಯ ದರ್ಜೆಯದು; ಎಂದರೆ ಬರಿಗಣ್ಣಿಗೆ ಕಾಣುವ ಅತ್ಯಂತ ಮಂಕು ನಕ್ಷತ್ರಕ್ಕಿಂತಲೂ ಇನ್ನೂರು ಪಾಲು ಮಂಕು.

ಆ ವೇಧಶಾಲೆಯಲ್ಲಿ ಪಾಗ್ಸನ್ನರು ಒಬ್ಬರೇ ದುಡಿಯುತ್ತಿರಲಿಲ್ಲ. ಮೊದಲನೆಯ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಒಂದು ಚರತಾರೆಯನ್ನು ಕಂಡುಹಿಡಿದರು. 1874ರ ಶುಕ್ರಸಂಕ್ರಮಣದ ವಿಷಯವನ್ನು ಜನಸಾಮಾನ್ಯರಿಗೆ ತಿಳಿಯಹೇಳಲು ಕಿರುಹೊತ್ತಗೆಯೊಂದನ್ನು ಬರೆದು, ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿ ಹೊರತಂದವರೂ ಅವರೇ. ಪಾಗ್ಸನ್ನರ ಮಗಳು ಐಸಿಸ್, ತಾಯಿ ತೀರಿಕೊಂಡ ಮನೆಯಲ್ಲಿ ತಂದೆಗೆ ನೆರವಾಗುತ್ತ, 1873ರಿಂದ ವೇಧಶಾಲೆಯ ಗಣಕಿಯಾಗಿ ನೇಮಕಗೊಂಡಳು. ಅವಳನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯಳನ್ನಾಗಿ ಸ್ವೀಕರಿಸಬೇಕೆಂದು 1886ರಲ್ಲಿ ತಂದೆ ಸೂಚಿಸಿದರು. ಹೆಂಗಸರಿಗೆ ಅಲ್ಲಿ ಸ್ಥಾನವಿಲ್ಲವೆಂದು ಸೂಚನೆ ಬಿದ್ದುಹೋಯಿತು. ಅವಳು ಸದಸ್ಯಳಾದದ್ದು 1920ರಲ್ಲಿ, ಅರವತ್ತೆಂಟರ ಮುಪ್ಪಿನಲ್ಲಿ! ತಂದೆ ಅಷ್ಟರಲ್ಲಿ ಇರಲಿಲ್ಲ. ಮೂವತ್ತು ವರ್ಷ ಸೇವೆ ಸಲ್ಲಿಸಿ 1891ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡಿದ್ದರು.

ಇನ್ನು ಸಿಲ್ವಿಯಾ ಎಂಬ ಹೆಸರಿನ ವಿಚಾರ. ರೋಮನರ ಪುರಾಣದಲ್ಲಿ ರಿಯಾ ಸಿಲ್ವಿಯಾ ಎಂಬ ರಾಜಕುಮಾರಿಯ ಕಥೆಯೊಂದಿದೆ; ಕಂಸ ದೇವಕಿಯರ ಕಥೆಯನ್ನು ಕೇಳಿ ಬೆಳೆದವರಿಗೆ ಅದು ಅಪರಿಚಿತವೆನಿಸದು. ಅವಳ ತಂದೆ ನ್ಯೂಮಿಟರ್ ಆಲ್ಬಾ ಲಾಂಗಾ ಎಂಬ ನಗರದ ಅರಸು. ತಮ್ಮನಾದ ಅಮ್ಯೂಲಿಯಸ್ ಅಣ್ಣನ ಸಿಂಹಾಸನವನ್ನು ಕಿತ್ತುಕೊಂಡ. ಅಣ್ಣನ ವಂಶ ಮುಂದುವರಿಯಬಾರದೆಂದು ಅವನ ಮಗಳನ್ನು ಅಗ್ನಿದೇವತೆ ವೆಸ್ಟಾಳ ಗುಡಿಯಲ್ಲಿ ಬ್ರಹ್ಮಚಾರಿಣಿಯನ್ನಾಗಿ ಮಾಡಿ ಕೂರಿಸಿದ. ಆದರೆ ಯುದ್ಧದೇವತೆ ಮಾರ್ಸ್‌ನ ಅನುಗ್ರಹದಿಂದ ಅವಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದರು. ಹಸುಗೂಸುಗಳನ್ನು ಟೈಬರ್ ನದಿಯಲ್ಲಿ ತೇಲಿಬಿಟ್ಟದ್ದೂ, ಹೆಣ್ಣು ತೋಳವೊಂದು ಹಾಲೂಡಿಸಿ ಬದುಕಿಸಿದ್ದೂ, ಆ ಮಕ್ಕಳಲ್ಲಿ ರೋಮ್ಯುಲಸ್ ಎಂಬವನು ಮುಂದೆ ರೋಮ್ ನಗರವನ್ನು ಕಟ್ಟಿದ್ದೂ ಶಾಲೆಯ ಮಕ್ಕಳೂ ಬಲ್ಲ ಕಥೆ. ಇನ್ನೊಬ್ಬ ರೀಮಸ್, ಅಣ್ಣತಮ್ಮಂದಿರ ಜಗಳದಲ್ಲಿ ಪ್ರಾಣ ಕಳೆದುಕೊಂಡ. ಕುತೂಹಲದ ಸಂಗತಿಯೆಂದರೆ, ಕ್ಷುದ್ರಗ್ರಹಗಳ ಹೆಸರುಗಳನ್ನು ವಿವರಿಸಿ 1955ರಲ್ಲಿ ಪ್ರಕಟವಾದ ಒಂದು ಗ್ರಂಥ, ಫ್ರಾನ್ಸಿನ ಪ್ರಖ್ಯಾತ ಖಗೋಲ ಲೇಖಕ ಕಮಿಲ್ ಫ್ಲಮಾರಿಯನ್ನರ ಪತ್ನಿ ಸಿಲ್ವಿಯವರ ಗೌರವಾರ್ಥ ಈ ಹೆಸರನ್ನಿಟ್ಟರೆಂದು ಬರೆದುಬಿಟ್ಟಿತು. ಆ ಮಾತು ಕೈಯಿಂದ ಕೈಗೆ ಸಾಗಿ ನಿಜವೆಂದೇ ಬಹುಕಾಲ ಚಲಾವಣೆಯಲ್ಲಿತ್ತು. 1866ರಲ್ಲಿ ಪಾಗ್ಸನ್ನರೇ ಬರೆದ ವರದಿಯನ್ನು ತೆರೆದು ನೋಡಿದ್ದರೆ ಸಾಕಾಗಿತ್ತು. ರೋಮ್ಯುಲಸ್ ರೀಮಸರ ತಾಯಿಯ ಹೆಸರಿದು ಎಂದು ಅಲ್ಲಿ ಸ್ಪಷ್ಟವಾಗಿದೆ. ಮೂಲವನ್ನು ನೋಡದೆ ನಕಲನ್ನು ನಕಲು ಮಾಡುವ ಚಾಳಿ ವಿದ್ವಾಂಸರನ್ನೂ ಬಿಟ್ಟದ್ದಲ್ಲ!

ಹೆಸರೇನೋ ದೊರೆಯಿತು. ಆದರೆ ಆ ಚುಕ್ಕೆ ಎಷ್ಟು ದೊಡ್ಡದು? ಈ ಸರಳವಾದ ಪ್ರಶ್ನೆಗೆ ಉತ್ತರ ದೊರೆಯಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಸೂರ್ಯನಿಂದ ಸಿಲ್ವಿಯಾದ ಸರಾಸರಿ ದೂರ 52 ಕೋಟಿ ಕಿಲೋಮೀಟರು, ಎಂದರೆ ಭೂಮಿಯ ದೂರದ ಮೂರೂವರೆ ಪಾಲು. ಅದು ನಮಗೆ ಅತಿ ಸಮೀಪಕ್ಕೆ ಬಂದಾಗಲೂ ಮೂವತ್ತು ಕೋಟಿ ಕಿಲೋಮೀಟರಿಗಿಂತ ಆಚೆಯೇ ನಿಲ್ಲುತ್ತದೆ. ಅಷ್ಟು ದೂರದಿಂದ ಅದರ ಬಿಂಬ ಕಾಣುವುದು, ಇಪ್ಪತ್ತೈದು ಕಿಲೋಮೀಟರು ಆಚೆ ಯಾರೋ ಹಿಡಿದ ಒಂದು ರೂಪಾಯಿ ನಾಣ್ಯ ಕಂಡಷ್ಟೇ. ನಮ್ಮ ವಾಯುಮಂಡಲದ ಕಂಪನದಲ್ಲಿ ಅಂತಹ ಬಿಂಬ ಕದಡಿ ಚುಕ್ಕೆಯಾಗಿ ಬಿಡುತ್ತದೆ. ಹಾಗಿರುವಾಗ ಗಾತ್ರವನ್ನು ಊಹಿಸಲು ಉಳಿದ ದಾರಿ ಅದರ ಕಾಂತಿಯೊಂದೇ; ಆ ದಾರಿಯಲ್ಲಿ ಮೋಸವಿದೆ.

ರಾತ್ರಿ ದೂರದಲ್ಲಿ ದೀಪದ ಬೆಳಕು ಬಿದ್ದ ಒಂದು ವಸ್ತು ಮಂಕಾಗಿ ಕಾಣುತ್ತಿದೆಯೆನ್ನೋಣ. ಅದು ಒಂದು ಬಿಳಿಯ ಕರವಸ್ತ್ರವೂ ಆಗಿರಬಹುದು, ಒಂದು ದೊಡ್ಡ ಕರಿಯ ಕಂಬಳಿಯೂ ಆಗಿರಬಹುದು. ಬರುವ ಬೆಳಕು ಎರಡರಿಂದಲೂ ಅಷ್ಟೇ. ಕ್ಷುದ್ರಗ್ರಹಗಳಲ್ಲಿಯೂ ಹೀಗೆಯೇ. ವೆಸ್ಟಾ ಎಂಬುದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲನ್ನು ಮರಳಿಸುವ ಉಜ್ಜ್ವಲ ಕಾಯ. ಒಮ್ಮೊಮ್ಮೆ ಅದು ಬರಿಗಣ್ಣಿಗೂ ಕಂಡೀತು. ಸಿಲ್ವಿಯಾವೂ ವೆಸ್ಟಾದಂತೆಯೇ ಹೊಳೆಯುವ ಕಾಯವೆಂದು ಭಾವಿಸಿ ಲೆಕ್ಕ ಹಾಕಿದರೆ ಅದರ ವ್ಯಾಸ ನಿಜಕ್ಕಿಂತ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಘನಗಾತ್ರದಲ್ಲಂತೂ ಮೂವತ್ತು ಪಾಲು ತಪ್ಪು ಬರುತ್ತದೆ. ಬೆಳಕನ್ನು ಅಳೆಯುವ ಕೋಲನ್ನು ಜಗತ್ತಿಗೆ ಕೊಟ್ಟ ಮಹಾಶಯರು ಕಂಡುಹಿಡಿದ ಕಾಯವೇ ಬೆಳಕಿನ ಅಳತೆಗೆ ಸಿಕ್ಕದೆ ಹೋಯಿತು!

ಕತ್ತಲೆಯನ್ನು ಗೆಲ್ಲಲು ವಿಜ್ಞಾನಿಗಳು ಶಾಖವನ್ನು ಹಿಡಿದರು. ಕಪ್ಪು ಬಟ್ಟೆ ಬಿಸಿಲಿನಲ್ಲಿ ಬೇಗ ಕಾಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ನೂರಕ್ಕೆ ತೊಂಬತ್ತಾರು ಪಾಲು ಬಿಸಿಲನ್ನು ನುಂಗಿದ ಕಾಯ ಅದನ್ನು ಅರಗಿಸಿಕೊಂಡು ಸುಮ್ಮನಿರಲಾರದು; ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಅದನ್ನು ಹೊರಗೆ ಬಿಡಲೇಬೇಕು. ಕಾಣುವ ಬೆಳಕೆಷ್ಟು, ಕಾಣದ ಶಾಖವೆಷ್ಟು ಎಂಬೆರಡನ್ನೂ ಅಳೆದು ಹೋಲಿಸಿದರೆ ಕಾಯ ಎಷ್ಟು ಕಪ್ಪು, ಎಷ್ಟು ದೊಡ್ಡದು ಎಂಬುದು ಒಟ್ಟಿಗೇ ಬಯಲಾಗುತ್ತದೆ. 1983ರಲ್ಲಿ ಭೂಮಿಯನ್ನು ಸುತ್ತುತ್ತ ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ಪರೀಕ್ಷಿಸಿದ ಕೃತಕ ಉಪಗ್ರಹವೊಂದು ಸಿಲ್ವಿಯಾದ ವ್ಯಾಸವನ್ನು ಸುಮಾರು 260 ಕಿಲೋಮೀಟರು ಎಂದು ತಿಳಿಸಿತು. ಇತ್ತೀಚಿನ ಅಳತೆಗಳು ಅದನ್ನು 270ರ ಆಸುಪಾಸಿಗೆ ಏರಿಸಿವೆ. ವ್ಯಾಸವೆಂಬ ಮಾತೂ ಇಲ್ಲಿ ಸರಾಸರಿಯ ಮಾತೇ ಹೊರತು, ಸಿಲ್ವಿಯಾ ದುಂಡಗಿಲ್ಲ. ಉದ್ದ ಸುಮಾರು 370 ಕಿಲೋಮೀಟರು, ಅಗಲ 250, ದಪ್ಪ 190. ಆಲೂಗಡ್ಡೆಯಂತಹ ಈ ಮುದ್ದೆ ಐದು ಗಂಟೆ ಹನ್ನೊಂದು ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ. ಅಲ್ಲಿ ಬೆಳಗಿನ ಕಾಫಿ ಮುಗಿಯುವುದರೊಳಗೆ ಮಧ್ಯಾಹ್ನವಾಗಿ ಹೋದೀತು.

ಗಾತ್ರ ತಿಳಿಯಿತಾದರೂ ಲೋಕದ ಒಡಲೊಳಗೆ ಏನಿದೆಯೆಂದು ಹೇಳಲು ತೂಕ ತಿಳಿಯಬೇಕು. ತೆಂಗಿನಕಾಯಿಯನ್ನು ಕೊಳ್ಳುವವರು ಕೈಯಲ್ಲಿ ಹಿಡಿದು ತೂಗಿ ನೋಡುವುದು ಇದಕ್ಕೇ ತಾನೆ? ಆಕಾಶಕಾಯವನ್ನು ತೂಗುವ ತಕ್ಕಡಿ ಒಂದೇ: ಅದರ ಸೆಳೆತಕ್ಕೆ ಒಳಗಾದ ಇನ್ನೊಂದು ಕಾಯ. ಭೂಮಿಗೆ ಚಂದ್ರನಿದ್ದಾನೆ, ಗುರುವಿಗೆ ಬಹುಮಂದಿ ಪರಿವಾರವಿದೆ. ಉಪಗ್ರಹವು ಎಷ್ಟು ದೂರದಲ್ಲಿ ಎಷ್ಟು ಹೊತ್ತಿಗೊಮ್ಮೆ ಸುತ್ತುತ್ತದೆಂದು ತಿಳಿದರೆ ತಾಯಿಗ್ರಹದ ತೂಕ ಕಾಗದದ ಮೇಲೆ ಸಿದ್ಧವಾಗುತ್ತದೆ; ನ್ಯೂಟನ್ ಹಾಕಿಕೊಟ್ಟ ದಾರಿಯದು. ಕ್ಷುದ್ರಗ್ರಹಕ್ಕೂ ಚಂದ್ರನಿರಬಹುದೆಂಬುದನ್ನು ಬಹುಕಾಲ ಹಲವರು ನಂಬಿರಲಿಲ್ಲ. 1993ರಲ್ಲಿ ಗೆಲಿಲಿಯೊ ಎಂಬ ಗಗನನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಐಡಾ ಎಂಬ ಕ್ಷುದ್ರಗ್ರಹದ ಚಿತ್ರವನ್ನು ತೆಗೆದಾಗ, ಅದರ ಪಕ್ಕದಲ್ಲಿ ಒಂದೂವರೆ ಕಿಲೋಮೀಟರಿನ ಮರಿಚಂದ್ರನೊಂದು ಕಂಡಿತು. ಸಂದೇಹ ಹರಿಯಿತು.

ಸಿಲ್ವಿಯಾದ ಬಳಿಗೆ ಇದುವರೆಗೆ ಯಾವ ನೌಕೆಯೂ ಹೋದದ್ದಿಲ್ಲ. ಅದರ ಚಂದ್ರನನ್ನು ಕಂಡದ್ದು ಭೂಮಿಯಿಂದಲೇ. ಹವಾಯಿ ದ್ವೀಪದ ಮೌನಾ ಕೀ ಪರ್ವತದ ನೆತ್ತಿಯಲ್ಲಿ ಕೆಕ್ ಎಂಬ ಹೆಸರಿನ, ಹತ್ತು ಮೀಟರು ಅಗಲದ ದರ್ಪಣವುಳ್ಳ ಎರಡು ದೂರದರ್ಶಕಗಳಿವೆ. ನಕ್ಷತ್ರಗಳನ್ನು ಮಿನುಗಿಸುವ ಗಾಳಿಯ ಕಂಪನವನ್ನು ಕ್ಷಣಕ್ಷಣಕ್ಕೂ ಅಳೆದು, ಅದಕ್ಕೆ ಸರಿಯಾಗಿ ಒಂದು ತೆಳುವಾದ ದರ್ಪಣವನ್ನು ಸೆಕೆಂಡಿಗೆ ನೂರಾರು ಬಾರಿ ಬಾಗಿಸಿ, ಕದಡಿದ ಬಿಂಬವನ್ನು ತಿಳಿಗೊಳಿಸುವ ಉಪಾಯವನ್ನು ಅಲ್ಲಿ ಅಳವಡಿಸಲಾಗಿದೆ. 2001ನೆಯ ಇಸವಿ ಫೆಬ್ರವರಿ 18ರಂದು ಮೈಕೇಲ್ ಬ್ರೌನ್ ಮತ್ತು ಜಾನ್ ಲೂಕ್ ಮಾರ್ಗೊ ಎಂಬ ವಿಜ್ಞಾನಿಗಳು ಈ ಉಪಾಯದಿಂದ ಸಿಲ್ವಿಯಾವನ್ನು ನೋಡುತ್ತಿದ್ದಾಗ ಅದರ ಮಗ್ಗುಲಲ್ಲಿ ಅತಿ ಸಣ್ಣ ಚುಕ್ಕೆಯೊಂದು ಕಂಡಿತು. ಕಾಂತಿಯಲ್ಲಿ ಅದು ತಾಯಿಯ ನೂರನೆಯ ಪಾಲಿನಷ್ಟೂ ಇಲ್ಲ. 1,356 ಕಿಲೋಮೀಟರು ದೂರದಲ್ಲಿ, ಮೂರು ದಿನ ಹದಿನಾರು ಗಂಟೆಗೆ ಒಂದು ಸುತ್ತಿನಂತೆ ಅದು ಸಿಲ್ವಿಯಾವನ್ನು ಸುತ್ತುತ್ತದೆ. (ಪ್ಲೂಟೊ ತನ್ನ ಗ್ರಹಪದವಿಯನ್ನು ಕಳೆದುಕೊಳ್ಳಲು ಕಾರಣವಾದ ಏರಿಸ್ ಎಂಬ ಕಾಯವನ್ನು ಮುಂದೆ ಹುಡುಕಿದ ತಂಡದ ನಾಯಕರೂ ಇದೇ ಬ್ರೌನ್ ಮಹಾಶಯರು.)

ಮೂರು ವರ್ಷಗಳ ತರುವಾಯ ಶೋಧದ ಕೇಂದ್ರ ದಕ್ಷಿಣ ಅಮೆರಿಕಕ್ಕೆ ಬದಲಾಯಿತು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಪಾರಾನಾಲ್ ಬೆಟ್ಟದ ಮೇಲೆ, ಐರೋಪ್ಯ ರಾಷ್ಟ್ರಗಳು ಸೇರಿ ಕಟ್ಟಿಸಿದ ನಾಲ್ಕು ಮಹಾ ದೂರದರ್ಶಕಗಳಿವೆ. ಅವುಗಳಲ್ಲಿ ಯೆಪುನ್ ಎಂಬುದರ ಮೂಲಕ ಫ್ರಾಂಕ್ ಮಾರ್ಶಿ ಮತ್ತು ಅವರ ಸಂಗಡಿಗರು 2004ನೆಯ ಇಸವಿ ಆಗಸ್ಟ್ ತಿಂಗಳಿಂದ ಸಿಲ್ವಿಯಾದ ಚಿತ್ರಗಳನ್ನು ತೆಗೆಯಲಾರಂಭಿಸಿದರು. ಅವರಿಗೆ ಬೇಕಾಗಿದ್ದದ್ದು ಗೊತ್ತಿದ್ದ ಚಂದ್ರನ ಕಕ್ಷೆ. ಆದರೆ ಚಿತ್ರಗಳಲ್ಲಿ ಅದಕ್ಕಿಂತಲೂ ಮಂಕಾದ, ತಾಯಿಯ ಬೆಳಕಿನಲ್ಲಿ ಮುಚ್ಚಿಹೋಗುವಂತಿದ್ದ ಇನ್ನೊಂದು ಚುಕ್ಕೆಯೂ ಮತ್ತೆ ಮತ್ತೆ ತಲೆದೋರಿತು. ಏಳು ಕಿಲೋಮೀಟರು ಗಾತ್ರದ ಆ ಎರಡನೆಯ ಮರಿಚಂದ್ರ ಕೇವಲ 706 ಕಿಲೋಮೀಟರು ದೂರದಲ್ಲಿ, ಮೂವತ್ತಮೂರು ಗಂಟೆಗೊಮ್ಮೆ ಪ್ರದಕ್ಷಿಣೆ ಹಾಕುತ್ತಿತ್ತು. ಎರಡು ಚಂದ್ರರುಳ್ಳ ಕ್ಷುದ್ರಗ್ರಹ ಅದುವರೆಗೆ ಒಂದೂ ಕಂಡಿರಲಿಲ್ಲ. 2005ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಸುದ್ದಿ ಹೊರಬಿದ್ದಿತು.

ಆ ಎರಡು ಕೂಸುಗಳಿಗೆ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. 139 ವರ್ಷಗಳ ಹಿಂದೆ ಮದರಾಸಿನಲ್ಲಿ ತಾಯಿಯ ಹೆಸರನ್ನಿಟ್ಟಾಗಲೇ ಮಕ್ಕಳ ಹೆಸರೂ ತೀರ್ಮಾನವಾದಂತಿತ್ತು. ದೊಡ್ಡದು ರೋಮ್ಯುಲಸ್, ಸಣ್ಣದು ರೀಮಸ್. ಫ್ಲಮಾರಿಯನ್ನರ ಪತ್ನಿಯ ಕಥೆಯೇ ನಿಂತುಬಿಟ್ಟಿದ್ದರೆ ಈ ಸೊಗಸು ಎಲ್ಲಿ ಒದಗುತ್ತಿತ್ತು? ಇನ್ನೊಂದು ವಿನೋದವೂ ಉಂಟು. 2011ರಲ್ಲಿ ಡಾನ್ ಎಂಬ ನೌಕೆ ವೆಸ್ಟಾವನ್ನು ಸೇರಿ ಪರೀಕ್ಷಿಸಿದಾಗ, ಅದರ ದಕ್ಷಿಣ ಧ್ರುವದ ಬಳಿಯ ಸುಮಾರು 500 ಕಿಲೋಮೀಟರು ಅಗಲದ ಮಹಾಗುಳಿಗೆ ರಿಯಾಸಿಲ್ವಿಯಾ ಎಂದೇ ನಾಮಕರಣವಾಯಿತು. ವೆಸ್ಟಾಳ ಗುಡಿಯಲ್ಲಿ ಸೆರೆಯಾಗಿದ್ದವಳು ವೆಸ್ಟಾದ ಮೇಲೆಯೂ ಗುರುತಾದಳು.

ತಕ್ಕಡಿ ದೊರೆತ ಮೇಲೆ ತೂಕಕ್ಕೆ ತಡವಾಗಲಿಲ್ಲ. ನಮ್ಮ ಚಂದ್ರನೊಬ್ಬನ ತೂಕಕ್ಕೆ ಸರಿಗಟ್ಟಲು ಸುಮಾರು ಐದು ಸಾವಿರ ಸಿಲ್ವಿಯಾಗಳು ಬೇಕು. ಈ ತೂಕವನ್ನು ಗಾತ್ರದಿಂದ ಭಾಗಿಸಿದಾಗ ಬಂದ ಉತ್ತರ ವಿಜ್ಞಾನಿಗಳನ್ನು ಬೆರಗುಗೊಳಿಸಿತು. ಮನೆಯ ಚಪ್ಪಡಿ ಕಲ್ಲು ನೀರಿಗಿಂತ ಎರಡೂಮುಕ್ಕಾಲು ಪಾಲು ಭಾರ. ಸಿಲ್ವಿಯಾವಾದರೋ 2005ರ ಲೆಕ್ಕದಲ್ಲಿ ನೀರಿಗಿಂತ ಒಂದೂಕಾಲು ಪಾಲಿನಷ್ಟೂ ಭಾರವಿಲ್ಲ! ಅಂದಮೇಲೆ ಅದು ಇಡಿಯಾದ ಬಂಡೆಯಾಗಿರಲು ಸಾಧ್ಯವೇ ಇಲ್ಲ. ಅದರ ಒಡಲಿನಲ್ಲಿ ನೂರಕ್ಕೆ ಅರವತ್ತು ಪಾಲಿನವರೆಗೂ ಬರಿಯ ಪೊಳ್ಳಿರಬಹುದೆಂದು ಮಾರ್ಶಿಯವರ ತಂಡ ಅಭಿಪ್ರಾಯಪಟ್ಟಿತು. ಎಂದೋ ಒಂದು ಘೋರವಾದ ಡಿಕ್ಕಿಯಲ್ಲಿ ದೊಡ್ಡ ಕಾಯವೊಂದು ನುಚ್ಚುನೂರಾಗಿ, ಚೂರುಗಳೆಲ್ಲ ತಮ್ಮತಮ್ಮ ಸೆಳೆತದಿಂದಲೇ ಮತ್ತೆ ಗುಡ್ಡೆಯಾಗಿ ಬಿದ್ದು ಆದ ಲೋಕವಿದು. ಒಡೆದ ಮನೆಯ ಇಟ್ಟಿಗೆ ಕಲ್ಲುಗಳನ್ನು ಅಂಗಳದಲ್ಲಿ ರಾಶಿ ಹಾಕಿದಂತೆ. ಚೂರು ಚೂರಿನ ನಡುವೆ ಸಂದು. ತಾಯಿಯ ಸುತ್ತ ಉಳಿದ ಚೂರುಗಳು ಸೇರಿಕೊಂಡು ಅವಳಿ ಚಂದ್ರರಾದವು. ಅವೆರಡರ ಕಕ್ಷೆಗಳೂ ಹೆಚ್ಚುಕಡಮೆ ದುಂಡಾಗಿ, ಸಿಲ್ವಿಯಾದ ನಡುಗೆರೆಯ ನೇರದಲ್ಲಿಯೇ ಇರುವುದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ದೂರ ಚದುರಿಹೋದ ಚೂರುಗಳೂ ಉಂಟು. ಸಿಲ್ವಿಯಾದಂತಹುದೇ ಕಕ್ಷೆಯಲ್ಲಿ ಸಾಗುವ ಸಣ್ಣ ಕಾಯಗಳ ಒಂದು ಕುಟುಂಬವನ್ನೇ 2010ರಲ್ಲಿ ಗುರುತಿಸಲಾಯಿತು.

ಇಂತಹ ಹಗುರ ಕಾಯ ಸಿಲ್ವಿಯಾವೊಂದೇ ಎಂದಲ್ಲ. 1997ರಲ್ಲಿ ಒಂದು ನೌಕೆ ಮಟಿಲ್ಡೆ ಎಂಬ ಐವತ್ತು ಕಿಲೋಮೀಟರಿನ ಕಪ್ಪು ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋದಾಗ ಅದರ ಸಾಂದ್ರತೆಯೂ ನೀರಿನ ಒಂದೂಕಾಲು ಪಾಲಿಗಿಂತ ತುಸುವೇ ಹೆಚ್ಚೆಂದು ಕಂಡಿತ್ತು. ಆದರೆ ಸಿಲ್ವಿಯಾದ ಕಥೆ ಕಲ್ಲುರಾಶಿಯಲ್ಲಿಗೇ ಮುಗಿಯಲಿಲ್ಲ. 2013ನೆಯ ಇಸವಿ ಜನವರಿ 6ರಂದು ಅದು ಒಂದು ನಕ್ಷತ್ರಕ್ಕೆ ಅಡ್ಡಬಂದು ಅದನ್ನು ಕೆಲವು ಸೆಕೆಂಡು ಮರೆಮಾಡಿತು. ಯೂರೋಪಿನ ಹವ್ಯಾಸಿ ಖಗೋಲಾಭ್ಯಾಸಿಗಳು ತಮ್ಮ ತಮ್ಮ ಊರುಗಳಲ್ಲಿ ದೂರದರ್ಶಕಗಳನ್ನಿಟ್ಟುಕೊಂಡು ಕಾದಿದ್ದು, ನಕ್ಷತ್ರ ನಂದಿದ ಗಳಿಗೆಯನ್ನೂ ಮತ್ತೆ ಹೊತ್ತಿದ ಗಳಿಗೆಯನ್ನೂ ಗುರುತು ಮಾಡಿದರು. ಕೆಲವರಿಗೆ ರೋಮ್ಯುಲಸ್‌ನ ನೆರಳೂ ದೊರೆತು, ಅದರ ಗಾತ್ರ ಇಪ್ಪತ್ತಮೂರು ಕಿಲೋಮೀಟರಿನ ಸುಮಾರೆಂದು ತಿಳಿಯಿತು. ಮನೆಯ ಹಿತ್ತಿಲಿನಲ್ಲಿ ನಿಂತು ಇಂತಹ ಸೇವೆ ಸಲ್ಲಿಸುವ ಅವಕಾಶ ಖಗೋಲ ವಿಜ್ಞಾನದಲ್ಲಿ ಇರುವಷ್ಟು ಬೇರೆ ಶಾಸ್ತ್ರಗಳಲ್ಲಿ ವಿರಳ.

2021ರಲ್ಲಿ, ಹೊಸ ಚಿತ್ರಗಳನ್ನೂ ಹಳೆಯ ಅಳತೆಗಳನ್ನೂ ಒಟ್ಟುಗೂಡಿಸಿದ ಲೆಕ್ಕವೊಂದು ಪ್ರಕಟವಾಯಿತು. ಸಾಂದ್ರತೆ ಮೊದಲು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು, ನೀರಿನ ಸುಮಾರು 1.4 ಪಾಲು ಎಂದಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸಿಲ್ವಿಯಾ ಒಳಗೂ ಹೊರಗೂ ಒಂದೇ ಹದವಾಗಿದ್ದರೆ, ಅಷ್ಟು ಉದ್ದನೆಯ ಮುದ್ದೆಯ ಸೆಳೆತಕ್ಕೆ ಸಿಕ್ಕಿದ ಚಂದ್ರರ ಕಕ್ಷೆಗಳು ಒಂದು ಗೊತ್ತಾದ ರೀತಿಯಲ್ಲಿ ಹೊರಳಬೇಕು. ಅವು ಅಷ್ಟು ಹೊರಳುವುದಿಲ್ಲ. ನಡುವಿನಲ್ಲಿ ದುಂಡಾದ, ಗಟ್ಟಿಯಾದ ತಿರುಳೊಂದಿದ್ದು, ಹೊರಗಿನ ಪದರ ಹಗುರವೂ ಪೊಳ್ಳೂ ಆಗಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅಂದರೆ ಸೌರವ್ಯೂಹದ ಬಾಲ್ಯದಲ್ಲಿ, ವಿಕಿರಣಶೀಲ ವಸ್ತುಗಳ ಕಾವಿನಿಂದ ಇದರ ಒಡಲಿನ ಮಂಜುಗಡ್ಡೆ ಕರಗಿ, ಭಾರವಾದ ಕಲ್ಲು ಒಳಕ್ಕೆ ಇಳಿದಿರಬೇಕು. ಕಾವೇ ಕಾಣದ, ಕುಲುಕಾಟವೇ ಅರಿಯದ ಆದಿಮ ದ್ರವ್ಯವೆಂದು ಈ ಕಪ್ಪು ಕಾಯಗಳನ್ನು ಎಣಿಸಿದ್ದವರು ಮತ್ತೆ ಆಲೋಚಿಸಬೇಕಾಯಿತು. 2005ರ ಬರಿಯ ಕಲ್ಲುರಾಶಿಯ ಚಿತ್ರಕ್ಕಿಂತ ಈ ತೀರ್ಮಾನವೇ ಹೆಚ್ಚು ಸಮರ್ಪಕವೆಂದು ತೋರುತ್ತದೆ. ಏಕೆಂದರೆ ಇದು ತೂಕವನ್ನು ಮಾತ್ರವಲ್ಲದೆ ಚಂದ್ರರ ನಡೆಯನ್ನೂ ವಿವರಿಸುತ್ತದೆ. ಏಳು ಕಿಲೋಮೀಟರಿನ ಒಂದು ಹೆಂಟೆ, ಮೂವತ್ತು ಕೋಟಿ ಕಿಲೋಮೀಟರು ಆಚೆಯ ಲೋಕದ ಗರ್ಭವನ್ನು ತೆರೆದು ತೋರಿಸಿದ ಬಗೆ ಇದು.

ಅಲ್ಲಿ ಹೋಗಿ ನಿಂತವರಿಗೆ ಏನು ಕಂಡೀತು? ಬಿಸಿಲು ಇಲ್ಲಿನ ಹನ್ನೆರಡನೆಯ ಒಂದು ಪಾಲು. ಅರವತ್ತು ಕಿಲೋ ತೂಗುವವರು ಅಲ್ಲಿ ಮುನ್ನೂರು ಗ್ರಾಮಿನಷ್ಟು ತೂಗಿಯಾರು. ಉದ್ದನೆಯ ತುದಿಗಳಲ್ಲಿ ಅದಕ್ಕಿಂತಲೂ ಕಡಮೆ. ನೆಲವೆಲ್ಲ ಮಸಿಯ ಬಣ್ಣ. ತಲೆಯ ಮೇಲೆ ಎರಡು ಚಂದ್ರರು. ದೂರದ ರೋಮ್ಯುಲಸ್ಸೂ ಹತ್ತಿರದ ರೀಮಸ್ಸೂ ನಮ್ಮ ಪೂರ್ಣಚಂದ್ರನಿಗಿಂತ ಅಗಲವಾಗಿಯೇ ಕಾಣುತ್ತವೆ. ಆದರೆ ಅವೂ ತಾಯಿಯಂತೆ ಕಪ್ಪಾಗಿರುವುದರಿಂದ ಆ ಬೆಳುದಿಂಗಳು ಬೆಳುದಿಂಗಳೆನಿಸಿಕೊಳ್ಳುವಂತಹುದಲ್ಲ.

ಮದರಾಸಿನ ಚುಕ್ಕೆಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. 1868ರಲ್ಲಿ ಪಾಗ್ಸನ್ನರು ಕ್ಯಾಮಿಲ್ಲಾ ಎಂಬ ಮತ್ತೊಂದು ಕ್ಷುದ್ರಗ್ರಹವನ್ನು ಕಂಡರು. ಅದೂ ಪಟ್ಟಿಯ ಹೊರ ಅಂಚಿನದು, ಅದೂ ದೊಡ್ಡದು, ಅದೂ ಕಪ್ಪು. 2001ರಲ್ಲಿ ಅದಕ್ಕೊಂದು ಚಂದ್ರನಿರುವುದು ಗೊತ್ತಾಯಿತು. 2016ರಲ್ಲಿ ಎರಡನೆಯದೂ ಕಂಡಿತು. ಇಡೀ ಪಟ್ಟಿಯಲ್ಲಿ ಎರಡು ಚಂದ್ರರುಳ್ಳ ದೊಡ್ಡ ಕಾಯಗಳು ಬೆರಳೆಣಿಕೆಯಷ್ಟಿದ್ದರೆ, ಅವುಗಳಲ್ಲಿ ಎರಡು ಒಂದೇ ವೇಧಶಾಲೆಯ ಕಣ್ಣಿಗೆ ಬಿದ್ದವುಗಳು.

ಆ ವೇಧಶಾಲೆಯ ಖಗೋಲ ವೀಕ್ಷಣೆಯ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ವರ್ಗವಾಯಿತು. ಕೊಡೈಕೆನಾಲಿನ ಸಂಸ್ಥೆಯೇ 1971ರಲ್ಲಿ ಸ್ವತಂತ್ರ ಸ್ವರೂಪವನ್ನು ತಳೆದು, ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯಾಯಿತು. ಪಾಗ್ಸನ್ನರು 1885ರಲ್ಲಿ ಮದರಾಸಿನಿಂದ ಕಂಡ ವೆರಾ ಎಂಬುದೇ ಅಲ್ಲಿನ ಕೊನೆಯ ಕ್ಷುದ್ರಗ್ರಹ. ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಈ ದೇಶದಿಂದ ಹೊಸದೊಂದೂ ಪಟ್ಟಿಗೆ ಸೇರಲಿಲ್ಲ. ಆ ಮೌನ ಮುರಿದದ್ದು ಇದೇ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ವೇಧಶಾಲೆಯಲ್ಲಿ. 1988ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಆರ್. ರಾಜಮೋಹನ್ ಅವರು ಅಲ್ಲಿಂದ ಕಂಡ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರನ್ನಿಡಲಾಯಿತು.

ಸಿಲ್ವಿಯಾ ಸೂರ್ಯನನ್ನು ಒಂದು ಸುತ್ತು ಸುತ್ತಲು ಆರೂವರೆ ವರ್ಷ ಹಿಡಿಯುತ್ತದೆ. ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಬಂದು, ನಡುರಾತ್ರಿಯ ಹೊತ್ತಿಗೆ ನೆತ್ತಿಯ ಕಡೆಗೆ ಏರುತ್ತದೆ. ಎಂಟು ಅಂಗುಲದ ಸಾಧಾರಣ ದೂರದರ್ಶಕವುಳ್ಳವರು ಊರಿನ ದೀಪಗಳಿಂದ ದೂರ ಹೋಗಿ, ನಕ್ಷೆಯನ್ನು ಕೈಯಲ್ಲಿ ಹಿಡಿದು ಹುಡುಕಿದರೆ ಅದು ಸಿಕ್ಕೀತು. ಮೊದಲ ರಾತ್ರಿ ಸಂಶಯ ಉಳಿದರೆ, ಮರುರಾತ್ರಿ ಅದೇ ಜಾಗವನ್ನು ಇನ್ನೊಮ್ಮೆ ನೋಡಬೇಕು. ಸರಿದದ್ದು ಯಾವುದೋ ಅದೇ ಸಿಲ್ವಿಯಾ.